ಬೋಲ್ಟಿನ ಕೆಳಗಿನ ಬಣ್ಣ

ಕೀಲಿ ತಿರುಗಿಸಿದರೆ ಕಾರು ಒಂದೇ ಮಾತಾಡುತ್ತಿತ್ತು: ಕಟಕ್. ಏಳನೆಯ ಸಲವೂ ಅಷ್ಟೇ ಅಂದಾಗ ಏಣಿ ಸ್ಟೇರಿಂಗಿಗೆ ಅಂಗೈಯಿಂದ ಒಂದೇಟು ಕೊಟ್ಟು, "ಆಯ್ತು, ನೀನೂ ನಮ್ಮಣ್ಣನ ಪಾರ್ಟಿನೇ ಅಂತ ಗೊತ್ತಾಯ್ತು ಬಿಡು," ಎಂದು ಕೆಳಗಿಳಿದಳು.

ಏಣಿ ಅವಳ ಹೆಸರಲ್ಲ. ಹನ್ನೆರಡು ತುಂಬುವುದರೊಳಗೆ ಅಪ್ಪನ ಭುಜ ದಾಟಿ ಬೆಳೆದುಬಿಟ್ಟಳೆಂದು ಅಣ್ಣ ಇಟ್ಟ ಅಡ್ಡಹೆಸರು. ಅವನು ರೇಗಿಸಲು ಇಟ್ಟದ್ದನ್ನು ಇವಳು ಹಟಕ್ಕೆ ಬಿದ್ದವಳಂತೆ ನಿಜ ಮಾಡಿಕೊಂಡಳು. ಓದು ಮುಗಿಸಿ ಅಪ್ಪನ ಹಿಂದೆ ಏಣಿ ಹತ್ತಿ ಗೋಡೆಗಳಿಗೆ ಬಣ್ಣ ಬಳಿಯುವವಳಾದಳು. ಅಪ್ಪನ ಬಲಗೈಗೆ ನಡುಕ ಹಿಡಿದು, ಒಂದು ದಿನ ಅವನು ಏಣಿಯಿಂದ ಬಿದ್ದ ಮೇಲೆ, ಕೆಲಸವೆಲ್ಲ ಅವಳ ಮೇಲೆಯೇ ಬಿತ್ತು. ಹೋದ ತಿಂಗಳು ಕಾರಿನ ಲೈಸೆನ್ಸ್ ಬಂತು. ಹಿಂದೆಯೇ ಒಂದು ಶಾಲೆಯ ಕೆಲಸ ಬಂತು. ಆರು ಕೋಣೆ, ಒಂದು ಉದ್ದನೆಯ ಪಡಸಾಲೆ. ಅಪ್ಪನ ಹೆಸರು ಹೇಳದೆ, ತನ್ನ ಹೆಸರಿನಲ್ಲೇ ಅವಳು ಹಿಡಿದ ಮೊದಲ ಕೆಲಸ ಅದು. ನಾಳೆ ಬೆಳಿಗ್ಗೆ ಎಂಟಕ್ಕೆ ಏಣಿಗಳೂ ಡಬ್ಬಗಳೂ ಅಲ್ಲಿರಬೇಕು. ಇರದಿದ್ದರೆ ಇನ್ನೊಬ್ಬರಿಗೆ ಹೇಳುತ್ತೇವೆ ಎಂದು ಶಾಲೆಯ ಹೆಡ್‌ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಏಣಿ ಹೋಗಬೇಕೆಂದರೆ ಕಾರು ಹೋಗಬೇಕು. ಉದ್ದ ಬೆನ್ನಿನ, ಮೇಲೆ ಕಂಬಿ ಹಾಕಿಸಿದ ಆ ಹಳೇ ಹಸಿರು ಕಾರು ಐದು ದಿನದಿಂದ ಅಂಗಳದ ತಗಡಿನ ಸೂರಿನಡಿ ಕಟಕ್ ಅನ್ನುತ್ತ ನಿಂತಿತ್ತು. ಮೂಲೆ ಗ್ಯಾರೇಜಿನವನು ಬಂದು, ಬಾಯಲ್ಲಿದ್ದ ಬೆಂಕಿಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸುವಷ್ಟರಲ್ಲಿ ತೀರ್ಪು ಕೊಟ್ಟು ಹೋಗಿದ್ದ. "ಸೆಲ್ಫ್ ಮೋಟರ್ ಹೋಗಿದೆ. ಇಂಜಿನ್ನೂ ಹಿಡ್ಕೊಂಡಿರ್ಬೇಕು. ಇದ್ರ ಪಾರ್ಟು ಈಗ ಎಲ್ಲೂ ಸಿಗಲ್ಲಮ್ಮ, ಗುಜರಿಗೆ ಕಳಿಸಿಬಿಡಿ." ಬಾನೆಟ್ಟಿನೊಳಗೆ ಅವನು ಕೈಯನ್ನೇ ಇಟ್ಟಿರಲಿಲ್ಲ.

ಅಣ್ಣನಿಗೆ ಬೇಕಾದದ್ದೂ ಅದೇ. ಪೇಟೆಯಲ್ಲಿ ಅವನದು ಬಣ್ಣದ ಅಂಗಡಿ. ತಂಗಿ ಏಣಿಯಿಂದ ಇಳಿದು ಬಂದು ಅಂಗಡಿಯ ಮೇಜಿನ ಹಿಂದೆ ಫ್ಯಾನಿನ ಕೆಳಗೆ ತಣ್ಣಗೆ ಕೂತಿರಲಿ ಎಂಬುದು ಅವನ ಒಂದು ವರ್ಷದ ಪಟ್ಟು. ನಿನ್ನೆ ಫೋನ್ ಮಾಡಿ, "ಭಾನುವಾರ ಹನ್ನೆರಡಕ್ಕೆ ಗುಜರಿಯವನನ್ನ ಕರ್ಕೊಂಡು ಬರ್ತೀನಿ. ಅಷ್ಟರೊಳಗೆ ಅದು ತಾನಾಗೇ ಹೊರಟ್ರೆ ಇಟ್ಕೋ, ನಾನು ಮಾತೇ ಆಡಲ್ಲ," ಎಂದಿದ್ದ. ಹೊರಡುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದೆಂದು ಏಣಿಗೆ ಗೊತ್ತಿತ್ತು. ಮೈ ಉರಿದುಹೋಗಿತ್ತು ಅವಳಿಗೆ.

ಈಗ ಭಾನುವಾರ, ಒಂಬತ್ತೂವರೆ. ಅಪ್ಪ ಸೂರಿನ ಕಂಬಕ್ಕೆ ಒರಗಿಸಿದ ಕುರ್ಚಿಯಲ್ಲಿ, ಬಲಗೈಯನ್ನು ಎಡಗಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದ.

"ಗೋಡೇಲಿ ತೇವ ಕಂಡ್ರೆ ಏನ್ ಮಾಡ್ತೀವಪ್ಪ?" ಏಣಿ ಬಾನೆಟ್ ಎತ್ತಿ ಕೋಲು ಕೊಟ್ಟಳು.

"ಮೇಲೆ ಬಳಿಯಲ್ಲ. ನೀರು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗ್ತೀವಿ."

"ಹಾಗಾದ್ರೆ ಹಿಂದಕ್ಕೆ ಹೋಗೋಣ ನಡಿ."

ಮೊದಲು ಬ್ಯಾಟರಿ. ಅದರ ಎರಡು ಕೊಂಬುಗಳ ಮೇಲೆ ಕೂತಿದ್ದ ಬಿಳಿ ಹಿಟ್ಟನ್ನು ಬಿಸಿನೀರು ಹಾಕಿ ತೊಳೆದು, ಉಜ್ಜಿ, ಬಿಗಿ ಮಾಡಿದಳು. ಕಟಕ್. ಎದುರುಮನೆ ಮೇಷ್ಟ್ರು ನಿನ್ನೆಯೇ ತಮ್ಮ ಕಾರು ತಂದು ನಿಲ್ಲಿಸಿ, ಜಂಪರ್ ಕೇಬಲ್ ಹಾಕಿ, ತಮ್ಮ ಬ್ಯಾಟರಿಯ ಬಲ ಕೊಟ್ಟು ನೋಡಿದ್ದರು, ಆಗಲೂ ಕಟಕ್. ಕೇಬಲ್ ಇಲ್ಲೇ ಇರಲಿ ಎಂದು ಬಿಟ್ಟು ಹೋಗಿದ್ದರು. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿದಳು. ಬೆಳಕು ಗೋಡೆಯ ಮೇಲೆ ಒಂಚೂರೂ ಕುಂದಲಿಲ್ಲ. ಅಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದನ್ನು ಯಾರೂ ತೆಗೆದುಕೊಳ್ಳುತ್ತಿಲ್ಲ.

"ಇಂಜಿನ್ ಹಿಡ್ಕೊಂಡಿದೆ ಅಂದ್ನಲ್ಲ ಪುಣ್ಯಾತ್ಮ, ಅದನ್ನೂ ನೋಡಿಬಿಡೋಣ. ಅಪ್ಪ, ಆ ಬೆಲ್ಟಿನ ಚಕ್ರದ ಮೇಲೆ ಕಣ್ಣಿಟ್ಟಿರು." ನಾಲ್ಕನೇ ಗೇರಿಗೆ ಹಾಕಿ, ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ಉಸಿರು ಬಿಗಿಹಿಡಿದು ತಳ್ಳಿದಳು. ಕಾರು ಮುಲುಗುತ್ತ ಒಂದು ಮೊಳ ಸರಿಯಿತು.

"ತಿರುಗ್ತು," ಎಂದ ಅಪ್ಪ. "ಚೆನ್ನಾಗಿ ತಿರುಗ್ತು."

ಹಾಗಾದರೆ ಗ್ಯಾರೇಜಿನವನ ಅರ್ಧ ಮಾತು ಅಲ್ಲಿಗೆ ಸತ್ತಿತು. ಇಬ್ಬರನ್ನು ಕರೆದು ತಳ್ಳಿಸಿ ಕಾರನ್ನು ಹೊರಡಿಸಬಹುದಿತ್ತು, ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ತಳ್ಳಿಸಿಕೊಂಡು ಹೊರಡುವ ಕಾರು ಅಣ್ಣನ ಮಾತಿಗೇ ಸಾಕ್ಷಿ ಹೇಳಿದಂತೆ. ದಿನಾ ಸಂಜೆ ಶಾಲೆಯ ಗೇಟಿನಲ್ಲಿ ನಿಂತು ಯಾರನ್ನು ಗೋಗರೆಯುವುದು?

ಡ್ಯಾಶ್‌ಬೋರ್ಡಿನ ಖಾನೆಯಿಂದ ಕಾರಿನ ಹಳೇ ಪುಸ್ತಕ ತೆಗೆದಳು. ಪುಟಪುಟಕ್ಕೂ ಅಪ್ಪನ ಹೆಬ್ಬೆಟ್ಟಿನ ಗುರುತು, ಒಂದೊಂದು ಒಂದೊಂದು ಬಣ್ಣದ್ದು. ಕರೆಂಟಿಗೆ ಹೋಗುವ ದಾರಿ ಇರುವಂತೆ ವಾಪಸು ಬರುವ ದಾರಿಯೂ ಬೇಕು ಎಂದಿತ್ತು ಅಲ್ಲಿ. ಹೋಗುವುದು ದಪ್ಪ ಕೆಂಪು ತಂತಿಯಲ್ಲಿ. ಬರುವುದು ಇಂಜಿನ್ನಿನ ಮೈಯಿಂದ ಒಂದು ಹೆಣೆದ ಅರ್ತಿಂಗ್ ಪಟ್ಟಿಯ ಮೂಲಕ ಕಾರಿನ ಮೈಗೆ, ಅಲ್ಲಿಂದ ಬ್ಯಾಟರಿಗೆ. ಹೋಗುವ ದಾರಿಯನ್ನೇ ಎಲ್ಲರೂ ಮೂಸಿ ನೋಡಿದ್ದರು. ಬರುವ ದಾರಿಯನ್ನು ಯಾರು ನೋಡಿದರು?

ಮೇಷ್ಟ್ರ ಕೇಬಲ್ಲಿನ ಕಪ್ಪು ತಂತಿ ತೆಗೆದುಕೊಂಡಳು. ಅದರ ಒಂದು ಹಲ್ಲನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಕಬ್ಬಿಣದ ಕೊಂಡಿಗೂ ಕಚ್ಚಿಸಿದಳು. "ಅಪ್ಪ, ನೀನು ಒಳಗೆ ಕೂತು ಕೀಲಿ ತಿರುಗಿಸು. ಗೇರು ನ್ಯೂಟ್ರಲ್ಲಿಗೆ ತಂದಿದೀನಿ."

ಒಂದು ವರ್ಷದಿಂದ ಆ ಸೀಟಿನಲ್ಲಿ ಕೂರದ ಅಪ್ಪ ನಿಧಾನವಾಗಿ ಹೋಗಿ ಕೂತ. ನಡುಗುವ ಕೈಗೆ ಕೀಲಿ ಎರಡು ಸಲ ತಪ್ಪಿ, ಮೂರನೆಯ ಸಲ ಸಿಕ್ಕಿತು.

ಕಾರು ಗರಗರ ಎಂದು ಒಂದೇ ಸಲಕ್ಕೆ ಎದ್ದು ನಿಂತಿತು. ತಗಡಿನ ಸೂರು ನಡುಗಿತು. ಏಣಿ ಚಪ್ಪಾಳೆ ತಟ್ಟಿ ಚಿಕ್ಕ ಹುಡುಗಿಯ ಹಾಗೆ ಕುಣಿದಳು; ಆಮೇಲೆ ಕಾರು ಆರಿಸಿ, ಕೇಬಲ್ ತೆಗೆದು, ಮತ್ತೆ ತಿರುಗಿಸಲು ಹೇಳಿದಳು. ಕಟಕ್. ಇನ್ನು ಅನುಮಾನವೇ ಇರಲಿಲ್ಲ. ಮೋಟರ್ ಹೋಗಿಲ್ಲ, ಇಂಜಿನ್ ಹೋಗಿಲ್ಲ. ಕೆಟ್ಟಿರುವುದು ಒಂದು ಗೇಣು ಉದ್ದದ ಪಟ್ಟಿ, ಇಲ್ಲವೇ ಅದನ್ನು ಹಿಡಿದಿರುವ ಬೋಲ್ಟು.

ಪಟ್ಟಿಯನ್ನು ಬೆರಳಲ್ಲಿ ಹಿಡಿದು ಹೋದಳು. ಇಂಜಿನ್ನಿನ ಕಡೆ ಸರಿಯಿತ್ತು. ಕಾರಿನ ಮೈಯ ಕಡೆ ಬೋಲ್ಟಿನ ತಲೆ ಹಸಿರಾಗಿ ಮಿರಮಿರ ಮಿಂಚುತ್ತಿತ್ತು. ಸ್ಪ್ಯಾನರ್ ಹಾಕಿ ಬಿಚ್ಚಿದಳು. ಕೆಳಗೆ ಕಬ್ಬಿಣ ಕಾಣಲಿಲ್ಲ, ಅಲ್ಲೂ ಹಸಿರು. ಉಗುರಿನಿಂದ ಕೆರೆದರೆ ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಕೆಂಪು ಪ್ರೈಮರ್. ಒಂದು ಗುಳ್ಳೆಯಿಲ್ಲ, ಒಂದು ಸೋರಿಕೆಯಿಲ್ಲ. ಅಂಚಿನಲ್ಲಿ ಮಾತ್ರ ಕುಂಚದ ಗೆರೆ ಸಣ್ಣಗೆ ನಡುಗಿತ್ತು.

ಅವಳಿಗೆ ಎಲ್ಲವೂ ನೆನಪಾಯಿತು. ಲೈಸೆನ್ಸ್ ಬಂದ ವಾರ ಅಪ್ಪ ಮೂರು ದಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ಕೂತಿದ್ದ, ಒಂದು ಕೈಯಲ್ಲಿ ಇನ್ನೊಂದು ಕೈಯನ್ನು ಹಿಡಿದುಕೊಂಡು, ಮಗಳಿಗೆ ಕಾರು ಹೊಸದರ ಹಾಗೆ ಕೊಡಬೇಕೆಂದು. ಅಪ್ಪನ ಜೀವಮಾನದ ನಿಯಮವೇ ಅದು. ಸ್ವಿಚ್ಚಿನ ಮುಚ್ಚಳವಿರಲಿ, ಬಾಗಿಲ ಚಿಲಕವಿರಲಿ, ಕನ್ನಡಿಯ ಮೊಳೆಯಿರಲಿ, ಬಿಚ್ಚಿ ಅದರ ಕೆಳಗೂ ಬಳಿಯಬೇಕು. ಸುತ್ತ ಬಳಿದು ಹೋಗುವವನು ಪೇಂಟರೇ ಅಲ್ಲ. "ಅಲ್ಲಿ ಯಾರಪ್ಪ ನೋಡ್ತಾರೆ?" ಎಂದು ಚಿಕ್ಕವಳಿದ್ದಾಗ ಕೇಳಿದರೆ, "ಗೋಡೆಗೆ ಗೊತ್ತಾಗುತ್ತಲ್ಲ," ಅನ್ನುತ್ತಿದ್ದ. ಬಣ್ಣ ಬಳಿದ ಮೇಲೆ ಕಾರು ಕೆಲವು ದಿನ ಏದುಸಿರು ಬಿಡುತ್ತ ಹೊರಟು, ಆಮೇಲೆ ನಿಂತೇಬಿಟ್ಟಿತ್ತು. ಬಣ್ಣದಿಂದ ಏನಾದರೂ ಕೆಡಬಹುದು ಎಂಬ ಯೋಚನೆ ಆ ಮನೆಯಲ್ಲಿ ಯಾರ ತಲೆಗೂ ಬರುವಂತಿರಲಿಲ್ಲ.

ಅಪ್ಪ ತನ್ನ ಕೈಯಿಂದ ಬಳಿದ ಕೊನೆಯ ಬಣ್ಣ ಇದು.

"ಅಪ್ಪ, ಒಳಗೆ ಹೋಗಿ ಒಂಚೂರು ಟೀ ಇಡ್ತೀಯಾ?"

ಅಪ್ಪ ಕದಲಲಿಲ್ಲ. "ಏನ್ ಸಿಕ್ತು?"

"ಏನಿಲ್ಲ. ತುಕ್ಕು."

"ತುಕ್ಕಾ?" ಅಪ್ಪ ಸೀಟಿನಿಂದ ಇಳಿದೇಬಿಟ್ಟ. ಅವನ ಮಾನಕ್ಕೇ ಬಂದಿತ್ತು. "ನಾನು ಮಾಡಿದ ಕೆಲಸದಲ್ಲಿ ತುಕ್ಕಾ? ಅಲ್ಲಿ ತುಕ್ಕಿತ್ತು, ಒಪ್ತೀನಿ. ಪಟ್ಟಿ ಬಿಚ್ಚಿ, ಉಜ್ಜಿ, ಪ್ರೈಮರ್ ಹೊಡೆದು, ಎರಡು ಕೋಟ್ ಕೊಟ್ಟು ಮತ್ತೆ ಕೂರಿಸಿದೀನಿ. ಹತ್ತು ವರ್ಷ ಅಲ್ಲಿಗೆ ತುಕ್ಕು ಬರಲಿ ನೋಡೋಣ!"

ಏಣಿ ತಲೆ ತಗ್ಗಿಸಿದಳು. ಸುಳ್ಳು ಹೇಳಲು ಅವಳಿಗೆ ಎಂದೂ ಬರುತ್ತಿರಲಿಲ್ಲ.

"ಅದೇ ಅಪ್ಪ, ಆಗಿರೋದು. ಪಟ್ಟಿ ಬರೀ ಕಬ್ಬಿಣಕ್ಕೆ ತಾಗ್ಬೇಕಂತೆ. ಮಧ್ಯೆ ಬಣ್ಣ ಇದ್ರೆ ಕರೆಂಟ್ ದಾಟಲ್ಲ."

ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಅಂದ್ರೆ ಕಾರು ಕೆಡಿಸಿದ್ದು ನಾನು."

"ಕೆಡಿಸಿಲ್ಲ. ಬೇಕಾದ್ದಕ್ಕಿಂತ ಚೆನ್ನಾಗಿ ಮಾಡಿಬಿಟ್ಟಿದೀಯ ಅಷ್ಟೆ."

ಆಗಲೇ ಗೇಟಿನ ಹೊರಗೆ ಲಾರಿ ನಿಂತ ಸದ್ದಾಯಿತು. ಹನ್ನೆರಡಕ್ಕೆ ಎಂದವನು ಹನ್ನೊಂದೂಕಾಲಿಗೇ ಬಂದಿದ್ದ. ಮುಂದೆ ಅಣ್ಣ, ಹಿಂದೆ ಹೆಗಲ ಮೇಲೆ ಸರಪಳಿ ಹಾಕಿಕೊಂಡ ಗುಜರಿಯವನು. ಬಿಚ್ಚಿಟ್ಟ ಬೋಲ್ಟು, ಚೆಲ್ಲಿದ ನೀರು, ಕೇಬಲ್ಲು ಎಲ್ಲವನ್ನೂ ಅಣ್ಣ ಒಂದು ಸುತ್ತು ನೋಡಿದ.

"ಸಾಕು ಬಿಡೇ ಏಣಿ. ಇರೋದನ್ನೂ ಕಿತ್ತು ಹಾಕ್ಬೇಡ. ಅಪ್ಪ, ನೀನು ಒಳಗೆ ನಡಿ, ಬಿಸಿಲು."

"ಹನ್ನೆರಡಾಗಿಲ್ಲ," ಎಂದಳು ಏಣಿ. "ಮಾತು ಕೊಟ್ಟಿದೀಯ. ಅಲ್ಲೇ ನಿಂತ್ಕೊ."

"ಮುಕ್ಕಾಲು ಗಂಟೇಲಿ ಏನ್ ಮಾಡ್ತೀಯ? ಗ್ಯಾರೇಜಿನವನೇ ಕೈಬಿಟ್ಟಿದಾನೆ."

"ಅವನು ಕೈ ಇಟ್ಟಿದ್ರೆ ತಾನೆ ಬಿಡೋದು?"

ಗುಜರಿಯವನು ಕಿಸಕ್ಕನೆ ನಕ್ಕ. ಅಣ್ಣ ಅವನನ್ನು ದುರುಗುಟ್ಟಿ ನೋಡಿದ.

ಏಣಿ ಬಣ್ಣ ಉಜ್ಜುವ ಉಪ್ಪುಕಾಗದಕ್ಕೆ ಕೈ ಚಾಚಿದಳು. ಅದು ಅಲ್ಲಿರಲಿಲ್ಲ. ಅಪ್ಪನ ಕೈಯಲ್ಲಿತ್ತು.

"ಸರಿ ಆಚೆ," ಎಂದ ಅಪ್ಪ.

"ಅಪ್ಪ, ನಿನ್ನ ಕೈ..." ಎಂದು ಅಣ್ಣ ಮುಂದೆ ಬಂದ.

"ನನ್ನ ಕೈ ನನಗೆ ಗೊತ್ತು. ಸುಮ್ನಿರೋ."

ಇಡೀ ಆಯುಷ್ಯ ಕಬ್ಬಿಣವನ್ನು ಬೆತ್ತಲೆ ಬಿಡದ ಮನುಷ್ಯ ಬಾನೆಟ್ಟಿನ ಮೇಲೆ ಬಗ್ಗಿ ತನ್ನ ಬಣ್ಣವನ್ನು ತಾನೇ ಉಜ್ಜತೊಡಗಿದ. ಉಜ್ಜುವ ಕೆಲಸಕ್ಕೆ ನಡುಕ ಅಡ್ಡಿ ಬರಲಿಲ್ಲ. ಹಸಿರು ಪುಡಿಯಾಗಿ ಉದುರಿತು, ಆಮೇಲೆ ಕೆಂಪು, ಆಮೇಲೆ ಕಬ್ಬಿಣ ಬೆಳ್ಳಗೆ ಹೊಳೆಯಿತು. ಅಪ್ಪ ನಿಲ್ಲಿಸಲಿಲ್ಲ. ಬೇಕಾದದ್ದಕ್ಕಿಂತ ಒಂದು ಬೆರಳು ಅಗಲವಾಗಿಯೇ ಉಜ್ಜಿದ. ಮಾಡಿದರೆ ಪೂರ್ತಿ ಮಾಡಬೇಕು ಎಂಬುದು ಈಗಲೂ ಅವನನ್ನು ಬಿಟ್ಟಿರಲಿಲ್ಲ. ಕೊನೆಗೆ ಹೆಬ್ಬೆರಳಿನಿಂದ ಪುಡಿ ಒರೆಸಿ, "ಇಷ್ಟು ಸಾಕಾ ನೋಡು," ಎಂದು ಮಗಳನ್ನು ಕೇಳಿದ. ಕೆಲಸದಲ್ಲಿ ಅಪ್ಪ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಸಾಕಪ್ಪ." ಏಣಿ ಪಟ್ಟಿಯ ತುದಿಯನ್ನೂ ಉಜ್ಜಿ, ಕೂರಿಸಿ, ಸ್ಪ್ಯಾನರಿಗೆ ಮೈಭಾರ ಹಾಕಿ ಬಿಗಿದಳು. ಒಳಗೆ ಹೋಗಿ ಕೂತು ಕೀಲಿ ತಿರುಗಿಸಿದಳು.

ಕಾರು ಎದ್ದಿತು.

ಅಣ್ಣನ ಮುಖ ನೋಡುವ ಹಾಗಿತ್ತು. ಆದರೆ ಅವನು ಸುಲಭದಲ್ಲಿ ಸೋಲುವವನಲ್ಲ. "ಈಗೇನೋ ಎದ್ದಿದೆ. ಇನ್ನೊಂದ್ಸಲ ಏಳುತ್ತೆ ಅಂತ ಏನ್ ಗ್ಯಾರಂಟಿ?"

ಏಣಿ ಅವನ ಕಣ್ಣನ್ನೇ ನೋಡುತ್ತ ಕಾರು ಆರಿಸಿಬಿಟ್ಟಳು. ಕೀಲಿ ತಿರುಗಿಸಿದಳು. ಎದ್ದಿತು. ಮತ್ತೆ ಆರಿಸಿದಳು. ಮತ್ತೆ ಎಬ್ಬಿಸಿದಳು. ಮೂರನೆಯ ಸಲಕ್ಕೆ ಗುಜರಿಯವನು ಸರಪಳಿಯನ್ನು ಹೆಗಲಿಂದ ಇಳಿಸಿ ಮೊಣಕೈಗೆ ಸುತ್ತಿಕೊಳ್ಳತೊಡಗಿದ.

"ನಡುರಸ್ತೇಲಿ ನಿಂತ್ರೆ?"

"ಬಾನೆಟ್ ತೆಗೀತೀನಿ."

"ಏಣಿಯಿಂದ ಬಿದ್ರೆ?" ಅಣ್ಣನ ದನಿ ಒಡೆಯಿತು. "ಅಪ್ಪ ಬಿದ್ದಾಗ ಎತ್ತಿದ್ದು ನಾನು ಕಣೇ. ನಿನಗೇನ್ ಗೊತ್ತು?"

ಇಷ್ಟು ದಿನ ಅವನು ಈ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಆದರೂ ಅವಳು ಇಳಿದು ಹೋಗಿ ಗೋಡೆಗೆ ಒರಗಿದ್ದ ಉದ್ದನೆಯ ಏಣಿಯ ಒಂದು ತುದಿ ಎತ್ತಿದಳು. "ನಂಗೂ ಭಯ ಇದೆ ಅಣ್ಣ. ಅದಕ್ಕೇ ದಿನಾ ಕಾಲು ನೋಡಿ ಇಡ್ತೀನಿ. ಅಂಗಡೀಲಂತೂ ಕೂರಲ್ಲ. ಇನ್ನೊಂದು ತುದಿ ಯಾರು ಹಿಡೀತೀರಿ?"

ಹಿಡಿದವನು ಗುಜರಿಯವನು. "ಲಾರಿ ತಂದು ಖಾಲಿ ಕೈಲಿ ಹೋಗೋಕೆ ಬೇಜಾರು," ಎಂದು ಏಣಿಯನ್ನು ಕಾರಿನ ಕಂಬಿಗೆ ಏರಿಸಿದ. ಏಣಿ ಹಗ್ಗ ಬಿಗಿದಳು. ಅಣ್ಣ ಸ್ವಲ್ಪ ಹೊತ್ತು ದೂರವೇ ನಿಂತಿದ್ದು, ಆಮೇಲೆ ಬಂದು, ಯಾರ ಮುಖವನ್ನೂ ನೋಡದೆ, ಅವಳು ಹಾಕಿದ ಗಂಟನ್ನು ಬಿಚ್ಚಿ ತಾನೇ ಮತ್ತೆ ಕಟ್ಟಿದ. ಎರಡು ಸಲ ಎಳೆದು ನೋಡಿದ.

ಬಾನೆಟ್ ಇನ್ನೂ ತೆರೆದೇ ಇತ್ತು. ಅಪ್ಪ ಒಳಗಿನಿಂದ ಹಸಿರು ಡಬ್ಬವನ್ನೂ ಸಣ್ಣ ಕುಂಚವನ್ನೂ ತಂದು, ಮುಚ್ಚಳ ತೆಗೆದು, ಅಲ್ಲಿ ನಿಂತಿದ್ದ. ಬೋಲ್ಟಿನ ಸುತ್ತ ಕಬ್ಬಿಣ ಬಳೆಯಷ್ಟು ಅಗಲಕ್ಕೆ ಬರಿದಾಗಿ ಹೊಳೆಯುತ್ತಿತ್ತು. ಏಣಿ ಅದನ್ನು ನೋಡಿದಳು, ಬಾನೆಟ್ ಮುಚ್ಚಲಿಲ್ಲ.

ಆಮೇಲೆ ಅಪ್ಪ ಕುಂಚವನ್ನು ಅದ್ದದೆ ಜೇಬಿಗೆ ಸೇರಿಸಿದ. ಮುಚ್ಚಳವನ್ನು ಡಬ್ಬದ ಮೇಲಿಟ್ಟು, ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಕೊನೆಗೆ ಅಂಗೈಯಿಂದ ಒಂದೇಟು ಕೊಟ್ಟು ಭದ್ರವಾಗಿ ಮುಚ್ಚಿದ.