‘ಎಲ್ಲ’ ಅಂತಾನೇ ಇದೆ

“ನೀನು ಬೆರಳು ತೋರಿಸಿದ್ದೇ ಆದ್ರೆ, ಆ ಬೆರಳನ್ನ ಈ ಸುತ್ತಿಗೇಲಿ ಜಜ್ಜಿಹಾಕ್ತೀನಿ ಲೈಮನ್.”

“ಕಾನೂನು ಬರೆದೋನು ನಾನಲ್ಲ ಭಾವ. ಮೊದ್ಲು ಆ ಹಲಗೆಗೆ ಮೊಳೆ ಹೊಡಿ.”

ಲೈಮನ್ ಪೆಕ್ ನನ್ನ ಹೆಂಡತಿಯ ತಮ್ಮ, ನಮ್ಮೂರಿನ ಕಾನ್‌ಸ್ಟೇಬಲ್. ಆ ವರ್ಷ ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ಅಧ್ಯಕ್ಷನೂ ಅವನೇ. ನಾನು ಪೀಪಾಯಿ ಮಾಡುವವನು, ಹಾಗಾಗಿ ತೋಪಿನಲ್ಲಿ ವೇದಿಕೆ ಕಟ್ಟುವ ಕೆಲಸ ನನ್ನ ತಲೆಗೆ ಬಂದಿತ್ತು.

ಜಗಳ ಡಾರ್ಕಸಳ ವಿಷಯಕ್ಕೆ. ಊರಿನವರ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ಅವಳು ವರ್ಜೀನಿಯಾದ ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮಳೆಂಬುದು ನಮ್ಮ ಮನೆಗಷ್ಟೇ ಗೊತ್ತಿತ್ತು. ನನ್ನ ಹೆಂಡತಿಯ ಬಾಯಿಂದ ಅದು ಲೈಮನ್‌ಗೂ ತಲುಪಿತ್ತು. ಈಗ ಆ ಒಡೆಯನ ಏಜೆಂಟ್ ವಾರಂಟ್ ಹಿಡಿದು ಬಂದಿದ್ದ. ಅದರಲ್ಲಿದ್ದದ್ದು ಅವಳ ಹಳೆಯ ಹೆಸರು, ಸೂಸನ್. ಅವಳ ಮುಖ ಅವನು ಕಂಡವನಲ್ಲ. ಓಡಿಬಂದ ಗುಲಾಮರನ್ನು ಹಿಡಿದುಕೊಡಲೇಬೇಕೆಂಬ ಕಾನೂನಿನಂತೆ, ಊರಿನಲ್ಲಿದ್ದ ಕಪ್ಪು ಹೆಂಗಸರಲ್ಲಿ ಇವಳೇ ಎಂದು ಲೈಮನ್ ತೋರಿಸಬೇಕಿತ್ತು. ಊಟ ಮುಗಿದ ಮೇಲೆ ತೋರಿಸುತ್ತೇನೆಂದು ಅವನು ಮಾತನ್ನೂ ಕೊಟ್ಟಿದ್ದ.

ಸರೋವರದಾಚೆ, ಗುಲಾಮಗಿರಿಯಿಲ್ಲದ ಕೆನಡಾಕ್ಕೆ ಅವಳನ್ನು ದಾಟಿಸಬೇಕಾದ ಹಡಗು ಬರುವುದು ಸಂಜೆಗೆ. ಅಲ್ಲಿಯವರೆಗೆ ಬಂದರಿನಲ್ಲಿ ಒಬ್ಬಳೇ ನಿಂತರೆ ಎಲ್ಲರ ಕಣ್ಣಿಗೂ ಬೀಳುತ್ತೇನೆಂದು ಡಾರ್ಕಸ್ ಹಬ್ಬಕ್ಕೇ ಬಂದು, ತಾನು ಮಾಡಿದ ಚೆರ್ರಿ ಪೈಗಳ ಮೇಜಿನ ಹಿಂದೆ ನಿಂತುಬಿಟ್ಟಳು.

ನಾನು ಆ ದಿನಕ್ಕೆ ಕೇಲೆಬ್ ಮಿಂಟರನನ್ನು ಕರೆಸಿದ್ದೆ. ಒಂದು ಕಾಲಕ್ಕೆ ಅವನೂ ಗುಲಾಮ. ಈಗ ಗುಲಾಮಗಿರಿಯ ವಿರುದ್ಧ ಊರೂರಿನಲ್ಲಿ ಭಾಷಣ ಮಾಡುವವನು. ಲೈಮನ್ ಹೆದರಿದ. ಭಾಷಣ ಕೂಡದು, ಪ್ರತಿ ವರ್ಷ ಓದುವ ಸ್ವಾತಂತ್ರ್ಯ ಘೋಷಣೆಯನ್ನು ಬೇಕಾದರೆ ಓದಲಿ, ಅದರಲ್ಲಿ ಇಲ್ಲದ ಮಾತು ಸೇರಿಸಬಾರದು ಎಂದು ಷರತ್ತು ಹಾಕಿದ. ನಾನು ಕೂಗಾಡಿದೆ. ಮಿಂಟರ್ ನಕ್ಕು ಒಪ್ಪಿಕೊಂಡ.

ಅವನ ದನಿ ತೋಪಿನಾಚೆಯ ಕುದುರೆಗಳಿಗೂ ಕೇಳುವಂತಿತ್ತು. ಸ್ವಲ್ಪ ಓದಿದವನು ತಟ್ಟನೆ ನಿಲ್ಲಿಸಿದ.

“ಅಧ್ಯಕ್ಷರೇ, ಇಲ್ಲದ್ದನ್ನ ಸೇರಿಸಬೇಡ ಅಂದಿದ್ರಿ. ಇಲ್ಲಿ ‘ಎಲ್ಲ ಮನುಷ್ಯರೂ ಸಮಾನರು’ ಅಂತಿದೆ. ನಿಜವಾಗ್ಲೂ ಇದೆಯೋ, ಅಚ್ಚು ಹಾಕಿದೋನ ತಪ್ಪೋ, ಸ್ವಲ್ಪ ನೋಡಿ ಹೇಳಿ.”

ಲೈಮನ್ ಎದ್ದು ನೋಡಿ, ಇದೆ ಎಂದು ಗೊಣಗಿದ.

“ಹಿಂದಿನ ಬೆಂಚಿನವರಿಗೆ ಕೇಳಿಸ್ಲಿಲ್ಲ.”

“ಇದೆ. ‘ಎಲ್ಲ’ ಅಂತಾನೇ ಇದೆ.”

“ಕೆಳಗೆಲ್ಲಾದ್ರೂ ‘ಇಂಥವರನ್ನ ಬಿಟ್ಟು’ ಅಂತ ಇದೆಯಾ?”

ಡಾರ್ಕಸಳನ್ನು ತೋರಿಸಬೇಕಾಗಿದ್ದ ಆ ಬೆರಳನ್ನೇ ಲೈಮನ್ ಸಾಲುಗಳ ಮೇಲೆ ಕೊನೆಯವರೆಗೂ ಓಡಿಸಿದ. ಜನ ನಗುತ್ತಿದ್ದರು.

“ಇಲ್ಲ” ಎಂದ.

“ನಿಮ್ಮ ತಾತಂದಿರ ಮಾತು ನಿಮಗೆ ಬೇಡ ಅಂದ್ರೆ ಹೇಳಿ” ಎಂದ ಮಿಂಟರ್. “ಇದನ್ನ ಇಲ್ಲಿಗೇ ಮಡಚಿಡ್ತೀನಿ. ಹಬ್ಬಾನೂ ನಿಲ್ಲಿಸಿ ಮನೆಗೆ ಹೋಗೋಣ.”

ನಗು ನಿಂತಿತು. ಹಿಂದಿನಿಂದ ಯಾರೋ, ಓದಪ್ಪಾ ಎಂದರು. ಅವನು ಓದಿದ. ಇಂಗ್ಲೆಂಡಿನ ರಾಜನ ಮೇಲಿನ ದೂರುಗಳನ್ನು ಒಂದೊಂದಾಗಿ ಓದುತ್ತಿದ್ದರೆ, ರಾಜನ ಜಾಗದಲ್ಲಿ ನಾವೇ ಕೂತ ಹಾಗಿತ್ತು. ತನ್ನದೊಂದು ಮಾತನ್ನೂ ಅವನು ಸೇರಿಸಲಿಲ್ಲ. ನನಗೆ ಸುತ್ತಿಗೆಯಿಂದ ಆಗದ ಕೆಲಸ ಅವನ ದನಿಯಿಂದ ಆಗುತ್ತಿರುವುದನ್ನು ಲೈಮನ್‌ನ ಮುಖದಲ್ಲಿ ಕಂಡೆ.

ಓದು ಮುಗಿದ ಮೇಲೆ ಅಧ್ಯಕ್ಷ ಸೇಬಿನ ಮದ್ಯದ ಲೋಟ ಎತ್ತಿ ‘ಸ್ವಾತಂತ್ರ್ಯಕ್ಕೆ’ ಎನ್ನಬೇಕು, ನಾವೆಲ್ಲ ಕುಡಿಯಬೇಕು. ಲೈಮನ್ ಲೋಟ ಎತ್ತಿದ. ಬಾಯಿ ತೆರೆದ. ಮಾತು ಹೊರಡಲಿಲ್ಲ. ಮತ್ತೊಮ್ಮೆ ತೆರೆದ.

ಪೈ ಮೇಜಿನ ಹಿಂದಿನಿಂದ ಡಾರ್ಕಸ್ ಹೇಳಿದಳು: “ಕಾಲರ್‌ಗೆ ಗಂಜಿ ಜಾಸ್ತಿ ಹಾಕ್ಬಿಟ್ಟೆ ಅನ್ಸುತ್ತೆ, ಪೆಕ್ ಸಾಹೇಬ್ರೇ. ಗಂಟಲು ಹಿಡೀತಿದೆ.”

ಇಡೀ ತೋಪು ನಕ್ಕಿತು. ಲೈಮನ್ನೂ ನಕ್ಕ. ಅಂಗಿಗೆ ಬೇರೆಯಾಗಿ ಸಿಕ್ಕಿಸಿದ್ದ ಕಾಲರ್ ಬಿಚ್ಚಿ ಅವಳ ಕೈಗಿಟ್ಟು, ಲೋಟವನ್ನು ಕುಡಿಯದೆ ಕೆಳಗಿಟ್ಟ.

ಊಟವಾದ ಮೇಲೆ ಏಜೆಂಟ್ ಬಂದು ಮಾತು ನೆನಪಿಸಿದ.

“ಸೂಸನ್ ಅಲ್ವಾ?” ಎಂದ ಲೈಮನ್. “ಆ ಹೆಸರಿನೋರು ಇಲ್ಲಿ ಯಾರೂ ಕಾಣಿಸ್ತಿಲ್ಲ. ಹೊಳೆ ಕಡೆ ಹುಡುಕಿ ಬರ್ತೀನಿ. ನೀವು ಕೂತು ಪೈ ತಿನ್ನಿ.”

ಹೊಳೆಯ ಕಡೆ ಹುಡುಕಲು ಹೊರಟವನಿಗೆ ಗಾಳ ಯಾಕೆ ಬೇಕಿತ್ತೋ, ಗಾಡಿಯಿಂದ ತೆಗೆದು ಹೆಗಲಿಗೇರಿಸಿಕೊಂಡ. ನನ್ನ ಪಕ್ಕ ಹಾಯುವಾಗ, “ಸುತ್ತಿಗೆ ಒಳಗಿಡು ಭಾವ” ಎಂದ.

ಏಜೆಂಟ್ ಪೈ ತಿಂದ. ಇನ್ನೊಂದು ತುಂಡು ಬಡಿಸಿದವಳನ್ನು, ಕಾನ್‌ಸ್ಟೇಬಲ್ ಯಾವಾಗ ಬರ್ತಾರಮ್ಮ ಎಂದು ಕೇಳಿದ.

“ಮೀನು ಕಚ್ಚಿದ್ರೆ ತಡವಾಗುತ್ತೆ ಸ್ವಾಮಿ” ಎಂದಳು ಡಾರ್ಕಸ್.

ಹಡಗಿನ ಸಿಳ್ಳೆ ಕೇಳಿಸಿತು. ಡಾರ್ಕಸ್ ಏಪ್ರನ್ ಬಿಚ್ಚಿ ಮಡಚಿ, ಲೈಮನ್‌ನ ಕಾಲರನ್ನು ಅದರ ಮೇಲಿಟ್ಟು, ಮಿಂಟರನ ಜೊತೆ ಹರಟುತ್ತಾ ಬಂದರಿನ ದಾರಿ ಹಿಡಿದಳು. ಮಿಂಟರ್ ಒಬ್ಬನೇ ವಾಪಸು ಬಂದ.