ಅಜ್ಜಿಯ ಕಿವಿಗೆ ಹೆಡ್‌ಫೋನ್

ಬೆಳಗ್ಗೆ ಹತ್ತು ಗಂಟೆಗೆ ಶ್ರವಣ ಚಿಕಿತ್ಸಾಲಯಕ್ಕೆ ಮೊದಲ ಮಗು ಬರುವ ಹೊತ್ತಿಗೆ ಗಡಿಯಾರ ಎಲ್ಲ ಸಿದ್ಧಮಾಡಿಕೊಂಡು ಕುಳಿತಿದ್ದಳು. ಸ್ನಾತಕೋತ್ತರ ತರಗತಿಯ ಎರಡನೇ ವರ್ಷದ ಈ ಹುಡುಗಿಗೆ ಸಹಪಾಠಿಗಳು ಇಟ್ಟ ಹೆಸರದು. ಬೇರೆಯವರು ಒಂದು ಮಗುವಿನ ಕಿವಿ ಪರೀಕ್ಷಿಸುವಷ್ಟರಲ್ಲಿ ಇವಳು ಎರಡು ಮಕ್ಕಳದ್ದು ಮುಗಿಸಿ, ವರದಿ ಬರೆದು, ಪೆನ್ನಿಗೆ ಮುಚ್ಚಳ ಹಾಕಿರುತ್ತಿದ್ದಳು. ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಒಳಗೊಳಗೇ ಸ್ವಲ್ಪ ಜಂಬವಿತ್ತು ಎಂದರೂ ತಪ್ಪಿಲ್ಲ.

ಬಂದವರು ಮೂವರು: ಎರಡು ವರ್ಷದ ಹುಡುಗಿ, ಅವಳ ತಾಯಿ, ತಂದೆಯ ಕಡೆಯ ಅಜ್ಜಿ. ಮಗು ಇನ್ನೂ ಒಂದೇ ಒಂದು ಮಾತು ಆಡಿರಲಿಲ್ಲ.

“ಹಿಂದಿನಿಂದ ಕರೆದ್ರೆ ತಿರುಗಲ್ಲ ಮೇಡಂ. ಪಾತ್ರೆ ಬಿದ್ರೂ ಅಷ್ಟೇ, ಅವಳ ಪಾಡಿಗೆ ಆಡ್ತಿರ್ತಾಳೆ,” ಎಂದಳು ತಾಯಿ. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದವಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು.

“ಇವಳಪ್ಪ ಮಾತಾಡಿದ್ದೂ ಮೂರು ವರ್ಷಕ್ಕೇ,” ಎಂದು ಅಜ್ಜಿ ನಡುವೆ ಬಾಯಿ ಹಾಕಿದರು. “ಈಗ ನೋಡಮ್ಮ, ಅವನ ಬಾಯಿ ಮುಚ್ಚಿಸೋಕಾಗಲ್ಲ. ಕಿವಿ ಚೆನ್ನಾಗಿದೆ ಅಂತ ಒಂದು ಚೀಟಿ ಬರ್ಕೊಟ್ಬಿಡು. ನಾವು ಇನ್ನು ಈ ಕಡೆ ತಲೆ ಹಾಕಲ್ಲ.”

ಪರೀಕ್ಷೆಯೇನೋ ಸರಳ. ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಮಗು ದೊಡ್ಡವರ ಮಡಿಲಲ್ಲಿ ಕೂರಬೇಕು. ಬಲಗಡೆ ಒಂದು ಸ್ಪೀಕರ್, ಅದರ ಪಕ್ಕದಲ್ಲಿ ಕಪ್ಪು ಗಾಜಿನ ಗೂಡೊಳಗೆ ತಮಟೆ ಹಿಡಿದ ಕೋತಿಗೊಂಬೆ. ಸದ್ದು ಕೇಳಿ ಮಗು ತಿರುಗಿದರೆ ಗೂಡಿನಲ್ಲಿ ದೀಪ ಹತ್ತಿ ಕೋತಿ ತಮಟೆ ಬಡಿಯುತ್ತದೆ. ಕೋತಿಯ ಆಸೆಗೆ ಮಗು ಮುಂದಿನ ಸದ್ದಿಗೂ ತಿರುಗುತ್ತದೆ. ಸದ್ದನ್ನು ಇಳಿಸುತ್ತಾ ಹೋದರೆ ಎಲ್ಲಿಯವರೆಗೆ ಕೇಳಿಸುತ್ತದೆ ಎಂಬುದು ತಿಳಿಯುತ್ತದೆ. ಎತ್ತಿಕೊಂಡವರ ಕಿವಿಗೆ ಮಾತ್ರ ಹೆಡ್‌ಫೋನ್ ಹಾಕಿ, ಅದರೊಳಗೆ ಗದ್ದಲ ತುಂಬಿ, ಅವರಿಗೆ ಪರೀಕ್ಷೆಯ ಸದ್ದು ಕೇಳದಂತೆ ಮಾಡಬೇಕು.

ತಾನೇ ಎತ್ತಿಕೊಳ್ಳುತ್ತೇನೆಂದು ಅಜ್ಜಿ ಹಟ ಹಿಡಿದರು. ಹೆಡ್‌ಫೋನ್ ಕಂಡದ್ದೇ ಹಿಂದೆ ಸರಿದರು. “ಅಯ್ಯೋ, ಅದು ಬೇಡ. ತುರುಬು ಕೆಡುತ್ತೆ. ನಾನು ಅಲ್ಲಾಡದೆ ಕೂರ್ತೀನಿ, ಸಾಲ್ದಾ?”

ಹೊರಗೆ ಇನ್ನೂ ನಾಲ್ಕು ಮಕ್ಕಳು ಕಾಯುತ್ತಿದ್ದರು. ಗಡಿಯಾರ ಆಗಲಿ ಎಂದುಬಿಟ್ಟಳು.

ಪರೀಕ್ಷೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಯಿತು. ಜೋರು ಸದ್ದಿಗೆ ಮಗು ತಿರುಗಿತು, ಪಿಸುಮಾತಿನಷ್ಟು ಸಣ್ಣ ಸದ್ದಿಗೂ ತಿರುಗಿತು. ಸದ್ದು ಕೊಡದೆ ಸುಮ್ಮನಿದ್ದು ನೋಡಿದಳು, ಆಗ ತಿರುಗಲಿಲ್ಲ. ಎಂಟೇ ನಿಮಿಷ. ‘ಶ್ರವಣ ಸಹಜ’ ಎಂದು ಬರೆದು ಮೇಷ್ಟ್ರ ಸಹಿಗೆ ಓಡಿದಳು.

ಮೇಷ್ಟ್ರು ಮೂವತ್ತು ವರ್ಷ ಮಕ್ಕಳ ಕಿವಿ ನೋಡಿದವರು. ತಾಯಿ ಹೇಳಿದ್ದನ್ನು ಮೊದಲು ಓದಿದರು, ಅಂಕಿಗಳನ್ನು ಆಮೇಲೆ ನೋಡಿದರು. “ಪಾತ್ರೆ ಬಿದ್ರೂ ತಿರುಗದ ಮಗು ಪಿಸುಮಾತಿಗೆ ತಿರುಗ್ತಾ? ಅಜ್ಜಿಗೆ ಹೆಡ್‌ಫೋನ್ ಹಾಕಿದ್ಯೇನಮ್ಮ?”

“ಇಲ್ಲ ಸರ್. ಆದ್ರೆ ಅವರು ಅಲ್ಲಾಡಲಿಲ್ಲ. ನಾನೇ ನೋಡ್ತಿದ್ದೆ.”

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಹಾಗಾದ್ರೆ ಮಗುನ ಎತ್ಕೊಂಡು ನೀನೇ ಕೂತ್ಕೊ. ಹೆಡ್‌ಫೋನ್ ಬೇಡ. ಅಲ್ಲಾಡಬೇಡ,” ಎಂದು ಕೋಣೆಯ ಗಾಜಿನ ಕಿಟಕಿಯಾಚೆ, ಸದ್ದು ಕೊಡುವ ಯಂತ್ರದ ಮುಂದೆ ಕುಳಿತರು.

ಗಡಿಯಾರ ಕಲ್ಲಿನಂತೆ ಕುಳಿತಳು. ಐದು ಸಣ್ಣ ಸದ್ದು ಬಂದವು. ಅದರಲ್ಲಿ ಮೂರಕ್ಕೆ ಮಗು ತಿರುಗಿತು. ಮೂರನೆಯ ಸಲ ಅವಳಿಗೇ ಗೊತ್ತಾಯಿತು: ಸದ್ದು ಕಿವಿಗೆ ಬಿದ್ದೊಡನೆ ತನ್ನ ಉಸಿರು ನಿಂತಿತ್ತು, ತೊಡೆ ಬಿಗಿಯಾಗಿತ್ತು. ಮಗು ಕೇಳಿಸಿಕೊಂಡದ್ದು ಆ ತೊಡೆಯನ್ನು.

ಆಮೇಲೆ ಹೆಡ್‌ಫೋನ್ ಹಾಕಿಕೊಂಡಳು. ಕಿವಿಯ ತುಂಬ ಗದ್ದಲ. ಗಾಜಿನಾಚೆ ಮೇಷ್ಟ್ರ ಬೆರಳು ಮತ್ತೆ ಮತ್ತೆ ಗುಂಡಿ ಒತ್ತುವುದು ಕಾಣುತ್ತಿತ್ತು. ಮಡಿಲಲ್ಲಿ ಮಗು ತನ್ನ ಫ್ರಾಕಿನ ಗುಂಡಿಯೊಂದಿಗೆ ಆಡುತ್ತಿತ್ತು. ಕೊನೆಗೆ ಒಂದೇ ಒಂದು ಸಲ, ಗದ್ದಲವನ್ನೂ ಸೀಳಿಕೊಂಡು ಅವಳಿಗೇ ಕೇಳಿಸುವಷ್ಟು ಜೋರಾದ ಸದ್ದಿಗೆ, ತಲೆ ಎತ್ತಿತು.

ಹೊರಗೆ ಬರುವಾಗ ಅವಳ ಮುಖ ಇಂಗು ತಿಂದ ಮಂಗನಂತಾಗಿತ್ತು. ಸಹಿ ಬಿದ್ದಿದ್ದರೆ ಈ ಮನೆಯವರು ಮತ್ತೆ ಬರುತ್ತಿರಲಿಲ್ಲ. ಮಾತು ಕಲಿಯುವ ವರ್ಷಗಳೆಲ್ಲ ಮೌನದಲ್ಲೇ ಕಳೆದುಹೋಗುತ್ತಿದ್ದವು.

“ಕಲಿಯೋದು ಹೀಗೇ,” ಎಂದರು ಮೇಷ್ಟ್ರು. “ಇನ್ನು ಮಗು ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ ಮಾಡೋ ಪರೀಕ್ಷೆಯನ್ನೂ ಮಾಡಿ ಖಚಿತ ಮಾಡ್ಕೊಳ್ಳೋಣ. ಮನೆಯವರಿಗೆ ಹೇಳೋದು ನಿನ್ನ ಕೆಲಸ. ಹೇಳೋದೂ ಈ ವಿದ್ಯೆಯ ಭಾಗವೇ.”

ತಾಯಿ ಮಗುವಿಗೆ ಹಾಲು ಕುಡಿಸಲು ಆಚೆ ಹೋಗಿದ್ದಳು. ಬೆಂಚಿನ ಮೇಲೆ ಅಜ್ಜಿ ಒಬ್ಬರೇ ಇದ್ದರು. ಗಡಿಯಾರ ಪಕ್ಕದಲ್ಲಿ ಕುಳಿತಳು.

“ಅಜ್ಜಿ, ಮೊದಲನೇ ಪರೀಕ್ಷೆ ತಪ್ಪಾಯ್ತು. ತಪ್ಪು ನಂದು. ಹೆಡ್‌ಫೋನ್ ಹಾಕದೆ ಕೂರಿಸಬಾರದಿತ್ತು. ಸದ್ದು ಕೇಳಿದ್ರೆ ನಮ್ಮ ಮೈ ನಮಗೇ ಗೊತ್ತಿಲ್ಲದೆ ಅಲ್ಲಾಡುತ್ತೆ. ನಿಮ್ಮದೇನೂ ತಪ್ಪಿಲ್ಲ.”

ಅಜ್ಜಿ ಸೆರಗಿನ ಅಂಚನ್ನು ಸುತ್ತಿ ಬಿಚ್ಚಿದರು. ಗಡಿಯಾರ ದಬಾಯಿಸಿದ್ದರೆ ಅವರೂ ಏರುದನಿಯಲ್ಲೇ ಉತ್ತರ ಕೊಡುತ್ತಿದ್ದರು. ತಮ್ಮ ತಪ್ಪನ್ನು ಇನ್ನೊಬ್ಬಳು ಹೊತ್ತುಕೊಂಡದ್ದನ್ನು ಸಹಿಸಲಾಗಲಿಲ್ಲ.

“ಗೊತ್ತಿಲ್ಲದೆ ಅಲ್ಲಮ್ಮ,” ಎಂದರು ಕೊನೆಗೆ. “ಗೊತ್ತಿದ್ದೇ ಮಾಡಿದೆ. ಸದ್ದು ಬಂದಾಗೆಲ್ಲ ಸೆರಗಿನ ಮರೆಯಲ್ಲಿ ಅವಳ ಸೊಂಟ ಒತ್ತಿದೆ.”

ಕಿವಿಯ ವಿದ್ಯೆ ಕಲಿತವಳ ಕಿವಿಗೇ ಅಜ್ಜಿ ಹೂವಿಟ್ಟಿದ್ದರು. ಬೇರೆ ದಿನವಾಗಿದ್ದರೆ ಗಡಿಯಾರಕ್ಕೆ ಸಿಟ್ಟು ಬರುತ್ತಿತ್ತು.

“ಯಾಕಜ್ಜಿ?”

“ನಮ್ಮಕ್ಕನಿಗೆ ಕಿವಿ ಕೇಳ್ತಿರಲಿಲ್ಲ. ಬೀದಿಯೆಲ್ಲ ಕಿವುಡಿ, ಕಿವುಡಿ ಅಂತಿತ್ತು. ಕೊನೆಗೆ ಮನೇಲೂ ಹಾಗೇ ಕರೆದ್ರು. ಅವಳಿಗೊಂದು ಚೆಂದದ ಹೆಸರಿತ್ತು ಕಣೇ. ಅದನ್ನ ನೆನಪಿಟ್ಕೊಂಡಿರೋಳು ಈಗ ನಾನೊಬ್ಳೇ.” ಅಜ್ಜಿ ಮೊಮ್ಮಗಳು ಹೋದ ಬಾಗಿಲ ಕಡೆ ನೋಡಿದರು. “ಆ ಚೀಟೀಲಿ ಚೆನ್ನಾಗಿದೆ ಅಂತ ಬಿದ್ರೆ ಇವಳಿಗೆ ಆ ಗತಿ ಬರಲ್ಲ ಅಂದ್ಕೊಂಡೆ.”

ಗಡಿಯಾರದ ಕಣ್ಣು ಗೋಡೆಯ ಮೇಲಿನ ಗಡಿಯಾರದ ಕಡೆ ಹೋಗಲಿಲ್ಲ. “ಚೀಟಿ ಸುಳ್ಳು ಹೇಳಿದ್ರೂ ಕಿವಿ ಹಾಗೇ ಇರುತ್ತಲ್ಲ ಅಜ್ಜಿ. ನಿಮ್ಮಕ್ಕನಿಗೆ ಕೊಡೋಕೆ ಅವತ್ತು ಯಾರ ಹತ್ರಾನೂ ಏನೂ ಇರಲಿಲ್ಲ. ಇವಳಿಗೆ ಕೊಡೋಕೆ ನಮ್ಮ ಹತ್ರ ಇದೆ. ಈಗಲೇ ಕಿವಿಗೆ ಮಷೀನ್ ಹಾಕಿ, ದಿನಾ ಕೂತು ಮಾತು ಕಲಿಸಿದ್ರೆ ಇವಳು ಮಾತಾಡ್ತಾಳೆ ಅನ್ನೋ ನಂಬಿಕೆ ನನಗಿದೆ. ತಡ ಮಾಡಿದಷ್ಟೂ ಕಷ್ಟ.”

“ಮಷೀನು ನಾಲ್ಕು ಜನಕ್ಕೆ ಕಾಣುತ್ತಲ್ಲ?”

“ಕಾಣುತ್ತೆ.”

ಸೊಸೆ ಮಗುವನ್ನು ಎತ್ತಿಕೊಂಡು ಬಂದಾಗ ಅಜ್ಜಿ ಎದ್ದು ನಿಂತು, “ನಿನಗೆ ಮೊದಲೇ ಗೊತ್ತಿತ್ತು, ನಾನೇ ಬಾಯಿ ಮುಚ್ಚಿಸ್ತಿದ್ದೆ,” ಎಂದಷ್ಟೇ ಹೇಳಿದರು. ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತು.

ನಿದ್ದೆಯ ಪರೀಕ್ಷೆಯೂ ಮಗುವಿಗೆ ಕಿವಿ ಸರಿಯಾಗಿ ಕೇಳಿಸದೆಂದೇ ಹೇಳಿತು. ಎರಡು ತಿಂಗಳ ನಂತರ ಅದೇ ಮೂವರು ಅದೇ ಕೋಣೆಗೆ ಬಂದರು. ಮಗುವಿನ ಎರಡೂ ಕಿವಿಗಳ ಹಿಂದೆ ಕಡಲೆಬೀಜಕ್ಕಿಂತ ತುಸು ದೊಡ್ಡದಾದ ಮಷೀನುಗಳು. ಕೂದಲನ್ನು ಎತ್ತಿ ಎರಡು ಜುಟ್ಟು ಕಟ್ಟಿದ್ದರಿಂದ ಅವು ನಾಲ್ಕಲ್ಲ, ನಲವತ್ತು ಜನಕ್ಕೆ ಕಾಣುವಂತಿದ್ದವು.

“ಜುಟ್ಟು ಅತ್ತೇದೇ ಕೆಲಸ,” ಎಂದು ತಾಯಿ ನಕ್ಕಳು.

ಮಷೀನಿನೊಂದಿಗೆ ಎಷ್ಟು ಕೇಳಿಸುತ್ತದೆ ಎಂದು ಅಂದು ನೋಡಬೇಕಿತ್ತು. ಗಡಿಯಾರ ಹೆಡ್‌ಫೋನಿಗೆ ಕೈ ಚಾಚುವ ಮೊದಲೇ ಅಜ್ಜಿ ಅದನ್ನು ತಾವೇ ಎತ್ತಿ, ತುರುಬನ್ನು ಅತ್ತ ಒತ್ತಿ, ತಲೆಗೆ ಹಾಕಿಕೊಂಡರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು.

ಗಾಜಿನಾಚೆ ಕುಳಿತ ಗಡಿಯಾರ ಮೆಲುದನಿಯ ಮಾತಿನಷ್ಟು ಸಣ್ಣ ಸದ್ದೊಂದನ್ನು ಕೊಟ್ಟಳು.

ಮಗು ಸರಕ್ಕನೆ ತಿರುಗಿತು. ದೀಪ ಹತ್ತಿತು, ಕೋತಿ ತಮಟೆ ಬಡಿಯಿತು. ಅಜ್ಜಿ ಬೆಚ್ಚಿ ಮಗುವನ್ನು ನೋಡಿದರು, ಕೋತಿಯನ್ನು ನೋಡಿದರು, ಆಮೇಲೆ ಗಾಜಿನತ್ತ ನೋಡಿ ಹುಬ್ಬೆತ್ತಿ ಕೇಳಿದರು, ಸದ್ದು ಬಂತಾ ಎಂದು. ಗಡಿಯಾರ ಹೌದೆಂದು ತಲೆಯಾಡಿಸಿದಳು. ಅಜ್ಜಿಗೆ ಕೇಳದ ಸದ್ದು ಮೊಮ್ಮಗಳಿಗೆ ಕೇಳಿತ್ತು.

ಅಜ್ಜಿಯ ಕೆನ್ನೆಯ ಮೇಲೆ ನೀರು ಇಳಿಯಿತು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲವಲ್ಲ, ಅದನ್ನು ಒರೆಸಿಕೊಳ್ಳಲು ಕೂಡ ಅವರು ಕುರ್ಚಿಯ ಮೇಲಿನ ಕೈ ಎತ್ತಲಿಲ್ಲ.