ಒಂದು ಬಕೆಟ್ ನೀಲಿ

"ಬೊಗಳೇ ಮುದಿ ಮುಂಡೆ, ಬಿಡ್ತೀಯೋ ಇಲ್ವೋ?"

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮೇಸ್ತ್ರಿ ಬಿಡು ಎನ್ನುತ್ತಿದ್ದದ್ದು ಪ್ರಾರ್ಥನೆಯನ್ನು. ಯೇಸುವಿನವರ ಪ್ರಾರ್ಥನಾಮಂದಿರಕ್ಕೆ ಧಣಿಯ ಕಡೆಯವರು ಬೀಗ ಜಡಿದು ತಿಂಗಳಾಗಿತ್ತು. ಅವರು ಒಬ್ಬರಲ್ಲ ಒಬ್ಬರ ಅಡಿಗೆಮನೆಯಲ್ಲಿ ಸೇರತೊಡಗಿದರು. ಭಾನುವಾರವೂ ದುಡಿಯಬೇಕೆಂದು ಹುಕುಂ ಬಂತು. ಮುದುಕಿ ಕೆಲಸಕ್ಕೆ ಹೋಗಲಿಲ್ಲ. ಅದಕ್ಕೇ ಸೋಮವಾರ ಬೆಳಿಗ್ಗೆ ಈ ರಂಪ. ಮೇಸ್ತ್ರಿಯಂತೂ ಧಣಿ ಕೆಮ್ಮಿದರೆ ತಾನೂ ಕೆಮ್ಮುವ ಆಸಾಮಿ.

"ಕೆಲಸ ಬಿಡು ಅಂದ್ರೆ ಬಿಡ್ತೀನಪ್ಪ. ಅದನ್ನ ಬಿಡಲ್ಲ," ಎಂದಳು ಮುದುಕಿ.

ಮೇಸ್ತ್ರಿ ಅವಳ ಸೊಸೆಯತ್ತ ತಿರುಗಿದ. "ನೀನೆಲ್ಲಿ ಸತ್ತಿದ್ದೆ ನಿನ್ನೆ?"

"ಮಗೂಗೆ ಜ್ವರ ಇತ್ತು."

"ಇವರ ಪೈಕಿ ಅಲ್ವಾ ನೀನು?"

"ಅಲ್ಲ."

ನಿನ್ನೆ ಅಡಿಗೆಮನೆಯಲ್ಲಿ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದವಳು ಇವಳೇ.

"ಹಂಗಾದ್ರೆ ಆ ಮುದಿ ಗೂಬೆ ತಲೆ ಮೇಲೆ ಒಂದು ಬಕೆಟ್ ಬಣ್ಣ ಸುರಿ. ಆಗ ನಂಬ್ತೀನಿ."

ಸೊಸೆಯ ಗಂಡ ಸತ್ತ ಮೇಲೆ ಇಬ್ಬರ ಕೂಲಿಯಲ್ಲೇ ಒಲೆ ಉರಿಯುತ್ತಿತ್ತು. ಇಬ್ಬರೂ ಹೊರಬಿದ್ದರೆ ಮಕ್ಕಳು ಏನು ತಿನ್ನಬೇಕು? ಹೌದು, ಆದರೆ ನಿಜ ಹೇಳಬೇಕೆಂದರೆ ಮಕ್ಕಳ ನೆನಪಾದದ್ದು ಆಮೇಲೆ. ಮೊದಲು ಆದದ್ದು ಹೆದರಿಕೆ. ತೊಟ್ಟಿಯಿಂದ ಬಕೆಟ್ ತುಂಬಿ ಎತ್ತಿದಳು. ಸೊಸೆಗೆ ಸುಲಭವಾಗಲೆಂದೋ ಏನೋ, ಅತ್ತೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತಾನಾಗಿಯೇ ಬಗ್ಗಿದಳು.

ನೀಲಿ ತೊಟ್ಟಿಯ ನೀರು ಮೊದಲು ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ದಿನಾ ನೂಲಿನಲ್ಲಿ ನೋಡಿದ್ದನ್ನು ಅವತ್ತು ಸೊಸೆ ಅತ್ತೆಯ ಬಿಳೀ ಕೂದಲಿನಲ್ಲಿ ನೋಡಿದಳು. ಆ ನೀರಿನಲ್ಲಿ ಕಣ್ಣುರಿಸುವ ಸುಣ್ಣವೂ ಇರುತ್ತದೆ. ಮುದುಕಿ ಕಣ್ಣುಜ್ಜಿಕೊಳ್ಳುತ್ತ, ಗೋಡೆ ಹಿಡಿದುಕೊಂಡು ಗೇಟು ದಾಟಿದಳು. ಅಯ್ಯೋ ಅನ್ನಬೇಕಾದವರೆಲ್ಲ ಬಗ್ಗಿ ನೂಲು ಹಿಂಡುತ್ತಿದ್ದರು.

ಸಂಜೆ ತಟ್ಟೆಗಳ ಮುಂದೆ ಕೂತಾಗ ಚಿಕ್ಕವಳು ಕೇಳಿದಳು, "ಅಜ್ಜಿ, ನಿನ್ನ ಕೂದಲಿಗೆ ಯಾರು ಹಿಂಗೆ ಮಾಡಿದ್ದು?"

ಸೊಸೆ ಮುಖವನ್ನು ಒಲೆಯ ಕಡೆ ತಿರುಗಿಸಿದಳು.

"ಯಾರೂ ಇಲ್ಲ ಕಣೇ. ಕಾಲು ಜಾರಿ ತೊಟ್ಟಿಗೆ ಬಿದ್ದೆ."

ಮೇಸ್ತ್ರಿಯ ಮುಂದೆ ಇಷ್ಟೇ ಸುಳ್ಳು ಹೇಳಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಅಲ್ಲಿ ಹೇಳದವಳು ಇಲ್ಲಿ ಸೊಸೆಗಾಗಿ ಹೇಳಿದಳು. ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೆ ಇವಳಿಗೆ ಹಗುರಾಗುತ್ತಿತ್ತು.

ಆ ಮನೆಯಲ್ಲಿ ಯಾರಾದರೊಬ್ಬರು ಕಣ್ಣುಮುಚ್ಚಿ ದೇವರಿಗೆ ಸ್ತೋತ್ರ ಹೇಳದೆ ಯಾರ ಕೈಯೂ ತಟ್ಟೆಗೆ ಹೋಗುತ್ತಿರಲಿಲ್ಲ.

"ಇವತ್ತು ನೀನು ಹೇಳು ತಾಯಿ. ಕಣ್ಣು ಮುಚ್ಚಿದ್ರೆ ಉರಿ ಜಾಸ್ತಿ ನಂಗೆ," ಎಂದಳು ಅತ್ತೆ.

ಸೊಸೆ ಬಾಯಿ ತೆರೆದಳು. ಬೆಳಿಗ್ಗೆ 'ಅಲ್ಲ' ಎಂದ ಬಾಯಿ. ಮಾತು ಬರಲಿಲ್ಲ. ಮಕ್ಕಳು ಒಂದೊಂದೇ ಕಣ್ಣು ತೆರೆದು ನೋಡಿದರು.

"ಇರ್ಲಿ ಬಿಡು. ನಾಳೆ ಹೇಳುವಿಯಂತೆ." ಮುದುಕಿ ಕಣ್ಣು ಬಿಟ್ಟುಕೊಂಡೇ ತಾನು ಹೇಳಿ ಮುಗಿಸಿದಳು.

ಮಾರನೆಯ ದಿನ ಮೇಸ್ತ್ರಿ ಹಲ್ಲು ಕಿರಿದ. "ಭೇಷ್ ಕಣೇ. ನಿಮ್ಮತ್ತೆ ತೊಟ್ಟಿ ಇನ್ಮೇಲೆ ನಿಂದೇ."

ತೊಟ್ಟಿಯ ಕಂಬಕ್ಕೆ ಅತ್ತೆಯ ಕೈಯೊರೆಸುವ ಬಟ್ಟೆ ಇನ್ನೂ ನೇತಾಡುತ್ತಿತ್ತು. ಅದನ್ನು ನೋಡುತ್ತಲೇ ಮಧ್ಯಾಹ್ನದವರೆಗೆ ನೂಲು ಅದ್ದಿದಳು. ಗಂಟೆ ಹೊಡೆಯಿತು. ಎಲ್ಲರೂ ಬುತ್ತಿ ಬಿಚ್ಚಿದರು. ಯಾರು ಕಣ್ಣು ಮುಚ್ಚುತ್ತಾರೋ ಎಂದು ಮೇಸ್ತ್ರಿ ಸಾಲಿನುದ್ದಕ್ಕೂ ಓಡಾಡುತ್ತಿದ್ದ. ಬೆಳಿಗ್ಗೆ ಅತ್ತೆಯೇ ಕಟ್ಟಿಕೊಟ್ಟ ಬುತ್ತಿ. ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಕೆಳಗಿಟ್ಟಳು.

ಎದ್ದು ಹೋಗಿ ಬಕೆಟ್ ತುಂಬಿದಳು. ತಲೆಯ ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ, ತನ್ನ ನೆತ್ತಿಯ ಮೇಲೆ ಸುರಿದುಕೊಂಡಳು.

"ಏನೇ ಇದು, ಹುಚ್ಚು ಹಿಡೀತಾ?" ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ.

"ಉಣ್ಣೋಕೆ ಮುಂಚೆ ಹೇಳೋದೊಂದಿದೆ. ನಿನ್ನೆ ಹೇಳೋಕಾಗಲಿಲ್ಲ."

ಕಣ್ಣು ಮುಚ್ಚಿದಳು. ರೆಪ್ಪೆಯೊಳಗೆ ಬೆಂಕಿ ಬಿದ್ದಂತಾಯಿತು. ಅತ್ತೆಗೆ ಇಷ್ಟು ಉರಿದಿತ್ತಾ, ಇಷ್ಟು ಉರಿಸಿಕೊಂಡು ಬುತ್ತಿ ಕಟ್ಟಿದಳಾ? ಮೇಸ್ತ್ರಿ ಗೇಟಿನವನನ್ನು ಕೂಗುತ್ತಿದ್ದ. ಕಣ್ಣು ತೆರೆಯದೆ, ಸಾಲಿನ ಕೊನೆಯವರಿಗೂ ಕೇಳುವಂತೆ ಅವಳು ಸ್ತೋತ್ರ ಶುರುಮಾಡಿದಳು. ಕೆನ್ನೆಯ ಮೇಲಿನ ಹಸಿರು ನಿಧಾನಕ್ಕೆ ನೀಲಿಯಾಗುತ್ತಿತ್ತು.